ಓಟು ಸಿಕ್ಕಿತು, ಬೀಗದ ಕೈ ಸಿಗಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಓದುಗರೊಬ್ಬರು, ಕೆಲವು ದೇಶಗಳ ಮಣ್ಣಿಗೆ ಪ್ರಜಾಪ್ರಭುತ್ವವೇ ಒಗ್ಗುವುದಿಲ್ಲವೆಂದೂ, ಸರ್ವಾಧಿಕಾರಿ ತೊಲಗಿದ ಮೇಲೆ ಜನರು ಸಂಭ್ರಮದಿಂದ ಆರಿಸಿದ ಸರಕಾರಗಳು ವರ್ಷ ಎರಡು ವರ್ಷಕ್ಕೇ ಮಗುಚಿ ಬೀಳುವುದಕ್ಕೆ ಆ ಜನರ ಅನಕ್ಷರತೆ ಮತ್ತು ಆ ಮುಖಂಡರ ಅಸಾಮರ್ಥ್ಯವೇ ಕಾರಣವೆಂದೂ ಬರೆದಿದ್ದರು. ಈಜಿಪ್ಟ್, ಮ್ಯಾನ್ಮಾರ್, ಪಾಕಿಸ್ತಾನಗಳನ್ನು ಒಂದೇ ಸಾಲಿನಲ್ಲಿ ಹೆಸರಿಸಿ ಮುಗಿಸಿದ್ದರು. ನಾನು ರಾಜ್ಯಶಾಸ್ತ್ರದ ಪಂಡಿತನಲ್ಲ. ಮುಂಬಯಿ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಹಗಲು ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು. ಆದರೆ ಐವತ್ತು ವರ್ಷಗಳಿಂದ ಪತ್ರಿಕೆಗಳ ವಿದೇಶ ಸುದ್ದಿಯ ಪುಟವನ್ನು ತಪ್ಪದೆ ಓದಿಕೊಂಡು ಬಂದವನಾದ ಕಾರಣ, ಈ ವಾದವನ್ನು ಹಾಗೆಯೇ ಬಿಟ್ಟುಬಿಡಲು ಮನಸ್ಸು ಒಪ್ಪಲಿಲ್ಲ.

ಹೊಸದಾಗಿ ಆರಿಸಿ ಬಂದವರ ಪಾಡಿನ ಸಣ್ಣ ರುಚಿ ನನಗೆ ಸಿಕ್ಕಿದ್ದು ನಮ್ಮದೇ ಹೌಸಿಂಗ್ ಸೊಸೈಟಿಯಲ್ಲಿ. ಮುಲುಂಡಿನ ನಮ್ಮ ಕಟ್ಟಡದಲ್ಲಿ ಹಳೆಯ ಕಮಿಟಿ ರದ್ದಾಗಿ, ಮೂರು ವರ್ಷ ಆಡಳಿತಾಧಿಕಾರಿಯ ಕಾರುಬಾರು ನಡೆದ ಬಳಿಕ ಚುನಾವಣೆಯಾಯಿತು, ನಾನು ಸೆಕ್ರೆಟರಿಯಾದೆ. ಅಧಿಕಾರ ವಹಿಸಿಕೊಂಡ ದಿನ ನಮ್ಮ ಕೈಗೆ ಬಂದದ್ದು ಒಂದು ರಬ್ಬರ್ ಮೊಹರು, ಒಂದು ಮೀಟಿಂಗ್ ಪುಸ್ತಕ ಮತ್ತು ಟೆರೇಸಿನ ಬೀಗದ ಕೈ. ಲೆಕ್ಕಪತ್ರಗಳಿದ್ದ ಕಪಾಟಿನ ಕೈ ಊರಿಗೆ ಹೋಗಿರುವ ಸದಸ್ಯರೊಬ್ಬರ ಬಳಿ ಇದೆಯೆಂದರು. ಬ್ಯಾಂಕಿನಲ್ಲಿ ಸಹಿ ಬದಲಾಗಲು ಎರಡು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಒಂದು ಚೆಕ್ಕೂ ಹೊರಡುವಂತಿರಲಿಲ್ಲ. ನೀರಿನ ಪಂಪು ನಡೆಸುವವನು ಹಳೆಯ ಚೇರ್ಮನ್ನರ ಮಾತನ್ನಲ್ಲದೆ ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಮೂರನೆಯ ತಿಂಗಳಿಗೆ, ನಮ್ಮನ್ನು ಆರಿಸಿದವರೇ ಲಿಫ್ಟಿನಲ್ಲಿ "ಆಡಳಿತಾಧಿಕಾರಿ ಇದ್ದಾಗ ನೀರಾದರೂ ಹೊತ್ತಿಗೆ ಸರಿಯಾಗಿ ಬರುತ್ತಿತ್ತು" ಎಂದು ನನಗೆ ಕೇಳಿಸುವಂತೆ ಹೇಳತೊಡಗಿದರು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವಂತಿಲ್ಲ. ನಮ್ಮ ಹಳೆಯ ಚೇರ್ಮನ್ನರ ಹಿಡಿತದಲ್ಲಿದ್ದದ್ದು ನೀರಿನ ಟ್ಯಾಂಕೇ ಹೊರತು ಸೇನೆಯ ಟ್ಯಾಂಕಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ನಮ್ಮಲ್ಲಿದೆ. ಸರ್ವಾಧಿಕಾರದಿಂದ ಹೊರಬರುತ್ತಿರುವ ದೇಶದಲ್ಲಿ ಮತದಾರನೆಂಬ ದೇವರು ಕೊಡುವುದು ಕುರ್ಚಿಯನ್ನು ಮಾತ್ರ. ಬಂದೂಕು, ಬೊಕ್ಕಸ, ಕಡತಗಳು ಯಾರ ಕೈಯಲ್ಲಿ ಉಳಿಯಬೇಕೆಂಬುದು ಬಹುಮಟ್ಟಿಗೆ ಮತದಾನಕ್ಕೆ ಮುಂಚೆಯೇ, ಕೆಳಗಿಳಿಯುವವರು ಹಾಕಿದ ಷರತ್ತಿನಂತೆ ತೀರ್ಮಾನವಾಗಿರುತ್ತದೆ. ಗೆದ್ದವರ ದಡ್ಡತನ ಇದರ ಮೇಲೆ ಬರುವ ಎರಡನೆಯ ಕಾರಣ. ಅದೂ ಇದೆ, ಅದನ್ನೂ ಹೇಳುತ್ತೇನೆ.

ಈಜಿಪ್ಟನ್ನೇ ನೋಡೋಣ. 2011ರ ಫೆಬ್ರವರಿ 11ರಂದು ಸರ್ವಾಧಿಕಾರಿ ಹೊಸ್ನಿ ಮುಬಾರಕ್ ಇಳಿದಾಗ ಅಧಿಕಾರ ಹೋದದ್ದು ಜನರ ಕೈಗಲ್ಲ, ಸೇನಾಧಿಕಾರಿಗಳ ಪರಮೋಚ್ಚ ಮಂಡಳಿಯ ಕೈಗೆ. ಮರುವರ್ಷ ಜೂನ್ 14ರಂದು, ಅಂದರೆ ಅಧ್ಯಕ್ಷ ಸ್ಥಾನದ ಅಂತಿಮ ಸುತ್ತಿನ ಮತದಾನಕ್ಕೆ ಎರಡೇ ದಿನ ಉಳಿದಿರುವಾಗ, ಆಗಷ್ಟೇ ಆರಿಸಿ ಬಂದಿದ್ದ ಸಂಸತ್ತಿನ ಕೆಳಮನೆಯ ಚುನಾವಣೆಯನ್ನೇ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಅಸಿಂಧುಗೊಳಿಸಿ ಮನೆಯನ್ನು ಬರಖಾಸ್ತು ಮಾಡಿತು. ಜೂನ್ 17ರ ರಾತ್ರಿ, ಮತಗಟ್ಟೆಗಳು ಮುಚ್ಚುವ ಹೊತ್ತಿಗೆ ಸರಿಯಾಗಿ, ಸೇನಾ ಮಂಡಳಿಯು ಒಂದು ಸಾಂವಿಧಾನಿಕ ಘೋಷಣೆ ಹೊರಡಿಸಿ ಶಾಸನ ಮಾಡುವ ಅಧಿಕಾರವನ್ನೂ ಬಜೆಟ್ಟನ್ನೂ ತನ್ನ ಬಳಿಯೇ ಇರಿಸಿಕೊಂಡಿತು. ಗೆಲ್ಲುವವರು ಯಾರೆಂದು ತಿಳಿಯುವ ಮೊದಲೇ, ಅವರು ಏನನ್ನು ಆಳಬಾರದೆಂಬ ಪಟ್ಟಿ ತಯಾರಾಗಿತ್ತು. ಗೆದ್ದು ಜೂನ್ 30ರಂದು ಪ್ರಮಾಣವಚನ ಸ್ವೀಕರಿಸಿದ, ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯ ಮೊಹಮ್ಮದ್ ಮೊರ್ಸಿ ಆಗಸ್ಟ್‌ನಲ್ಲಿ ಆ ಘೋಷಣೆಯನ್ನು ರದ್ದುಪಡಿಸಿ, ಹಳೆಯ ರಕ್ಷಣಾ ಸಚಿವ ತಂತಾವಿಯವರನ್ನು ನಿವೃತ್ತಿಗೊಳಿಸಿ, ಆ ಜಾಗಕ್ಕೆ ತಮಗೆ ನಿಷ್ಠರಾಗಿರುವರೆಂದು ನಂಬಿದ ಅಬ್ದೆಲ್ ಫತಾ ಅಲ್ ಸಿಸಿಯವರನ್ನು ತಂದರು. ಸೇನೆಯ ಬೀಗದ ಕೈ ಸಿಕ್ಕಿತೆಂದೇ ಆಗ ಬಹಳ ಜನ ತಿಳಿದರು. ಹತ್ತು ಹನ್ನೊಂದು ತಿಂಗಳ ಬಳಿಕ, 2013ರ ಜುಲೈ 3ರಂದು, ಅವರನ್ನು ಕೆಳಗಿಳಿಸಿದವರು ಅದೇ ಸಿಸಿ.

ಈ ಒಂದು ವರ್ಷದಲ್ಲಿ ಪೊಲೀಸ್ ಇಲಾಖೆ ಹೊಸ ಅಧ್ಯಕ್ಷರ ಮಾತು ಕೇಳಿದ್ದು ಅಷ್ಟಕ್ಕಷ್ಟೆ. ಕೈರೋದಲ್ಲಿದ್ದ ಬ್ರದರ್‌ಹುಡ್ ಸಂಘಟನೆಯ ಕೇಂದ್ರ ಕಚೇರಿಗೇ ಜನ ನುಗ್ಗಿ ಬೆಂಕಿ ಹಚ್ಚಿದ ದಿನ ಅದನ್ನು ಕಾಯಲು ಪೊಲೀಸರೇ ಇರಲಿಲ್ಲ. ಅತ್ತ ಪೆಟ್ರೋಲ್ ಬಂಕುಗಳ ಮುಂದೆ ಮೈಲುದ್ದದ ಸರದಿ, ಇತ್ತ ಗಂಟೆಗಟ್ಟಲೆ ಕರೆಂಟಿಲ್ಲ, ಅಂತರರಾಷ್ಟ್ರೀಯ ಹಣಕಾಸು ನಿಧಿಯ 480 ಕೋಟಿ ಡಾಲರ್ ಸಾಲದ ಮಾತುಕತೆ ಕೊನೆಗೂ ಮುಗಿಯಲಿಲ್ಲ. ಸರಕಾರ ಉರುಳಿದ ಕೆಲವೇ ದಿನಗಳಲ್ಲಿ ಸರದಿಗಳು ಕರಗಿದ್ದನ್ನೂ ಪೊಲೀಸರು ಬೀದಿಗೆ ಮರಳಿದ್ದನ್ನೂ ಅಲ್ಲಿದ್ದ ವರದಿಗಾರರು ಬರೆದರು. ಸೌದಿ ಅರೇಬಿಯ, ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್ ಮೂರೂ ಸೇರಿ ಒಂದೇ ವಾರದಲ್ಲಿ 1,200 ಕೋಟಿ ಡಾಲರ್ ನೆರವು ಘೋಷಿಸಿದವು. ಸರದಿ ಕರಗಿದ್ದು ಬೇಕೆಂದೇ ಮಾಡಿದ ಕೊರತೆ ತೀರಿದ್ದರಿಂದಲೋ ಹಣ ಬರುವ ಭರವಸೆಯಿಂದಲೋ ಎಂಬ ಚರ್ಚೆ ಇಂದಿಗೂ ಇದೆ. ನಮ್ಮ ಪಂಪಿನವನನ್ನು ಕಂಡ ನನಗೆ ಮೊದಲನೆಯದರ ಕಡೆ ವಾಲುವ ಮನಸ್ಸಾಗುತ್ತದೆ, ಆದರೆ ಅದು ಸಾಕ್ಷ್ಯವಲ್ಲ.

ಈಗ ಗೆದ್ದವರ ತಪ್ಪಿಗೆ ಬರುತ್ತೇನೆ. ಮೊದಲ ಸುತ್ತಿನಲ್ಲಿ ಮೊರ್ಸಿಯವರಿಗೆ ಬಿದ್ದದ್ದು ಶೇ. 25ಕ್ಕೂ ಚೂರು ಕಡಿಮೆ ಮತ. ಅಂತಿಮ ಸುತ್ತಿನಲ್ಲಿ ಅದು ಶೇ. 51.7ಕ್ಕೆ ಏರಿದ್ದು ಅವರ ಮೇಲಿನ ಪ್ರೀತಿಯಿಂದಷ್ಟೇ ಅಲ್ಲ. ಎದುರಿಗೆ ನಿಂತಿದ್ದ ಅಹ್ಮದ್ ಶಫೀಕ್ ಮುಬಾರಕರ ಕೊನೆಯ ಪ್ರಧಾನಿಯಾಗಿದ್ದರು, ಅವರು ಬಾರದಿರಲಿ ಎಂದು ಮೂಗು ಮುಚ್ಚಿಕೊಂಡು ಮೊರ್ಸಿಗೆ ಮತ ಹಾಕಿದವರೂ ಬಹಳ ಮಂದಿ ಇದ್ದರು. ಈ ಸಾಲವನ್ನು ಮೊರ್ಸಿ ಮರೆತರು. 2012ರ ನವೆಂಬರ್ 22ರಂದು ತಮ್ಮ ಆಜ್ಞೆಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಬಾರದೆಂದು ಘೋಷಿಸಿದರು. ಉದಾರವಾದಿಗಳೂ ಕ್ರೈಸ್ತ ಪ್ರತಿನಿಧಿಗಳೂ ಎದ್ದುಹೋದ ಸಭೆಯಲ್ಲಿ ಸಂವಿಧಾನದ ಕರಡನ್ನು ಅವಸರದಲ್ಲಿ ಮುಗಿಸಿ, ಮೂವರು ಮತದಾರರಲ್ಲಿ ಒಬ್ಬರು ಮಾತ್ರ ಭಾಗವಹಿಸಿದ ಜನಮತಗಣನೆಯಲ್ಲಿ ಅದನ್ನು ಅಂಗೀಕರಿಸಿಕೊಂಡರು. ಸೇನೆಯೊಂದಿಗೆ ಜಗಳವಾಡಬೇಕಾದ ಹೊತ್ತಿನಲ್ಲಿ ಸೇನೆಯ ಬಜೆಟ್ಟಿಗೂ ಮಿಲಿಟರಿ ನ್ಯಾಯಾಲಯಗಳಿಗೂ ಅದೇ ಸಂವಿಧಾನದಲ್ಲಿ ರಕ್ಷಣೆ ಕೊಟ್ಟು, ಮುಬಾರಕರ ವಿರುದ್ಧ ತಹ್ರೀರ್ ಚೌಕದಲ್ಲಿ ತಮ್ಮ ಪಕ್ಕದಲ್ಲೇ ನಿಂತಿದ್ದವರ ಮೇಲೆ ಜಗಳ ತೆಗೆದರು. ಮರುವರ್ಷ ಟ್ಯಾಂಕುಗಳು ಬಂದಾಗ ಆ ಜೊತೆಗಾರರಲ್ಲಿ ಬಹಳಷ್ಟು ಜನ ಚಪ್ಪಾಳೆ ತಟ್ಟಿದ್ದು ದುರದೃಷ್ಟಕರ, ಆದರೆ ಆಶ್ಚರ್ಯಕರವಲ್ಲ.

ಮ್ಯಾನ್ಮಾರ್‌ನ ಕಥೆ ಇದಕ್ಕೆ ತೀರ ವಿರುದ್ಧ. ಅಲ್ಲಿ ಬೀಗಗಳನ್ನು ಸಂವಿಧಾನದಲ್ಲೇ ಕೂರಿಸಿದ್ದರು. 2008ರಲ್ಲಿ ಸೇನೆಯೇ ಬರೆಸಿದ ಸಂವಿಧಾನದಂತೆ ಸಂಸತ್ತಿನ ಶೇ. 25ರಷ್ಟು ಸ್ಥಾನಗಳು ಚುನಾವಣೆಯಿಲ್ಲದೆ ಸಮವಸ್ತ್ರದವರಿಗೆ ಮೀಸಲು, ಮುಖ್ಯ ತಿದ್ದುಪಡಿಗಳಿಗೆ ಬೇಕಾದದ್ದು ಶೇ. 75ಕ್ಕಿಂತ ಹೆಚ್ಚಿನ ಮತ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕೂಡಿಸಿದರೆ ಸಾಕು, ಉಳಿದುದನ್ನು ಓದಬೇಕಾಗಿಯೇ ಇಲ್ಲ. ರಕ್ಷಣೆ, ಗೃಹ, ಗಡಿ ವ್ಯವಹಾರಗಳ ಸಚಿವರನ್ನು ಸೇನಾ ಮುಖ್ಯಸ್ಥರು ಆರಿಸುತ್ತಿದ್ದರು. ಮಕ್ಕಳು ವಿದೇಶಿ ಪ್ರಜೆಗಳೆಂಬ ಕಾರಣಕ್ಕೆ ಆಂಗ್ ಸಾನ್ ಸೂ ಕೀ ಅಧ್ಯಕ್ಷರಾಗುವಂತಿರಲಿಲ್ಲ. 2015ರ ಚುನಾವಣೆಯನ್ನು ಅವರ ಪಕ್ಷ ಗೆದ್ದ ಮೇಲೆ ಅವರಿಗಾಗಿ ರಾಜ್ಯ ಸಲಹೆಗಾರರೆಂಬ ಹೊಸ ಹುದ್ದೆ ಸೃಷ್ಟಿಯಾಯಿತು. ಆ ಉಪಾಯ ರೂಪಿಸಿದವರಲ್ಲಿ ಮುಖ್ಯರಾದ ವಕೀಲ ಕೋ ನೀ ಅವರನ್ನು 2017ರ ಜನವರಿಯಲ್ಲಿ ಯಾಂಗೋನ್ ವಿಮಾನ ನಿಲ್ದಾಣದ ಹೊರಗೆ, ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಾಗ, ಗುಂಡಿಟ್ಟು ಕೊಂದರು.

ಆದರೆ ನನ್ನ ಗಮನ ಸೆಳೆದದ್ದು ಸಂಸತ್ತಿಗಿಂತ ಅಲ್ಲಿನ ಸಾಮಾನ್ಯ ಆಡಳಿತ ಇಲಾಖೆ. ನಮ್ಮ ತಾಲೂಕು ಕಚೇರಿ, ತಹಶೀಲ್ದಾರರು, ಶಾನುಭೋಗರು ಎಲ್ಲರೂ ಒಟ್ಟುಗೂಡಿದಂತಿರುವ ಇಲಾಖೆ ಅದು. ಜಮೀನಿನ ದಾಖಲೆ, ಕಂದಾಯ, ಪರವಾನಗಿ, ಹಳ್ಳಿಯ ಮುಖ್ಯಸ್ಥನ ಮೇಲ್ವಿಚಾರಣೆ ಎಲ್ಲವೂ ಅದರ ಮೂಲಕವೇ ಸಾಗಬೇಕು. ಈ ಇಲಾಖೆ ಇದ್ದದ್ದು ಗೃಹ ಖಾತೆಯಲ್ಲಿ, ಗೃಹ ಖಾತೆ ಇದ್ದದ್ದು ಸೇನೆಯ ಅಧಿಕಾರಿಯ ಬಳಿ. 2018ರ ಕೊನೆಯಲ್ಲಿ ಅದನ್ನು ನಾಗರಿಕ ಆಡಳಿತಕ್ಕೆ ವರ್ಗಾಯಿಸುವವರೆಗೆ, ಅಂದರೆ ಅಧಿಕಾರಾವಧಿಯ ಅರ್ಧಕ್ಕೂ ಹೆಚ್ಚು ಕಾಲ, ಹಳ್ಳಿಯ ರೈತನೊಬ್ಬ ಸರಕಾರದ ಮುಖವೆಂದು ನೋಡುತ್ತಿದ್ದದ್ದು ತಾನು ಸೋಲಿಸಿದವರ ಮುಖವನ್ನೇ. ಸೂ ಕೀ ಅವರು ಸೇನೆಯನ್ನು ಎದುರು ಹಾಕಿಕೊಳ್ಳದೆ ದಾರಿ ಮಾಡಿಕೊಳ್ಳಲು ನೋಡಿದರು. ರೋಹಿಂಗ್ಯಾ ಜನರ ಮೇಲೆ ನಡೆದ ಘೋರ ಕೃತ್ಯಗಳ ವಿಚಾರದಲ್ಲಿ 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತಾವೇ ನಿಂತು ದೇಶದ ಪರವಾಗಿ ವಾದಿಸಿದರು. ಅದರಿಂದ ಹೊರಗಿನ ಸ್ನೇಹಿತರು ದೂರವಾದರೇ ಹೊರತು ಒಳಗಿನ ವೈರಿ ಹತ್ತಿರವಾಗಲಿಲ್ಲ. 2020ರ ನವೆಂಬರ್‌ನಲ್ಲಿ ಚುನಾವಣೆ ನಡೆದ 476 ಸ್ಥಾನಗಳಲ್ಲಿ 396ನ್ನು ಅವರ ಪಕ್ಷ ಗೆದ್ದಿತು; ಹೊಸ ಸಂಸತ್ತು ಸೇರಬೇಕಿದ್ದ 2021ರ ಫೆಬ್ರವರಿ 1ರ ಬೆಳಗ್ಗೆಯೇ ಸೇನೆ ಸೂ ಕೀ ಮತ್ತು ಪಕ್ಷದ ಮುಖಂಡರನ್ನು ಬಂಧಿಸಿತು. ಜನ ತಮ್ಮ ಕೆಲಸವನ್ನು ಎರಡೆರಡು ಬಾರಿ ಸರಿಯಾಗಿಯೇ ಮಾಡಿದ್ದರು. ಆ ಮಣ್ಣಿಗೆ ಪ್ರಜಾಪ್ರಭುತ್ವ ಒಗ್ಗದು ಎಂದು ಬರೆದ ಓದುಗರು ಈ ಅಂಕಿಗಳನ್ನು ಒಮ್ಮೆ ಗಮನಿಸಬೇಕು.

ಪಾಕಿಸ್ತಾನದ ಬಗ್ಗೆ ನಮ್ಮವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೇನಾ ಸರ್ವಾಧಿಕಾರಿ ಜಿಯಾ ಉಲ್ ಹಕ್ 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ 58(2)(ಬಿ) ಎಂಬ ಉಪವಿಧಿಯು ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸಿ ಸರಕಾರವನ್ನು ಮನೆಗೆ ಕಳಿಸಲು ಅವಕಾಶ ಕೊಟ್ಟಿತು. 1990ರಲ್ಲಿ ಬೆನಜೀರ್, 1993ರಲ್ಲಿ ನವಾಜ್, 1996ರಲ್ಲಿ ಮತ್ತೆ ಬೆನಜೀರ್ ಅದೇ ಕತ್ತಿಗೆ ತಲೆಕೊಟ್ಟರು. ಪ್ರತಿ ಬಾರಿಯೂ ಎದುರು ಪಕ್ಷ ಕತ್ತಿಯನ್ನು ಕೊಂಡಾಡಿತು. ತಾವಿಬ್ಬರೂ ಒಂದೇ ಕತ್ತಿಯ ಕೆಳಗಿದ್ದೇವೆಂಬ ಅರಿವಿನ ಒಪ್ಪಂದಕ್ಕೆ ಅವರಿಬ್ಬರೂ ಸಹಿ ಹಾಕಿದ್ದು 2006ರಲ್ಲಿ, ಲಂಡನ್ನಿನಲ್ಲಿ, ಇಬ್ಬರೂ ದೇಶಭ್ರಷ್ಟರಾಗಿದ್ದಾಗ.

ನೇಪಾಳದ ವಿಚಾರವನ್ನು ನನಗೆ ಹೇಳಿದವನು ನಮ್ಮ ಕಟ್ಟಡದ ಗೇಟಿನಲ್ಲಿ ಬಹಳ ವರ್ಷ ಇದ್ದ ವಾಚ್‌ಮನ್. 2008ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆಯ ಚುನಾವಣೆಗೆಂದು ರಜೆ ಹಾಕಿ ಊರಿಗೆ ಹೋದವನು, ಮರಳಿ ಬಂದಾಗ ಹೆಬ್ಬೆರಳಿನ ಉಗುರಿನಲ್ಲಿ ಉಳಿದಿದ್ದ ಶಾಯಿಯನ್ನು ತೋರಿಸಿ, ತನ್ನ ತಂದೆ ಪಕ್ಷದ ಚಿಹ್ನೆ ನೋಡಿ ಒಮ್ಮೆ ಓಟು ಹಾಕಿದ ಮೇಲೆ ಇನ್ನೊಮ್ಮೆ ಹಾಕಲು ಮೂವತ್ತೆರಡು ವರ್ಷ ಕಾದರೆಂದ. ಲೆಕ್ಕ ಸರಿಯಾಗಿಯೇ ಇದೆ, 1959ರಿಂದ 1991ರವರೆಗೆ. 1959ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ನೇಪಾಳಿ ಕಾಂಗ್ರೆಸ್ 109ರಲ್ಲಿ 74 ಸ್ಥಾನ ಗೆದ್ದು ಬಿ.ಪಿ. ಕೊಯಿರಾಲ ಪ್ರಧಾನಿಯಾದರು. ಆದರೆ ಮತದಾನಕ್ಕೆ ಒಂದು ವಾರ ಮುಂಚೆ ಸಂವಿಧಾನವನ್ನು ದಯಪಾಲಿಸಿದ್ದ ರಾಜ ಮಹೇಂದ್ರರು ಸೇನೆಯನ್ನೂ ತುರ್ತು ಅಧಿಕಾರವನ್ನೂ ತಮ್ಮ ಬಳಿಯೇ ಉಳಿಸಿಕೊಂಡಿದ್ದರು. ಕೊಯಿರಾಲ ಬಿರ್ತಾ ಎಂಬ ಉಂಬಳಿ ಜಮೀನುಗಳ ರದ್ದತಿಗೆ ಕೈಹಾಕಿ ದೊಡ್ಡ ಹಿಡುವಳಿದಾರರ ಕೋಪಕ್ಕೆ ಗುರಿಯಾದರು. 1960ರ ಡಿಸೆಂಬರ್ 15ರಂದು ರಾಜರು ಸರಕಾರವನ್ನು ವಜಾ ಮಾಡಿ ಪ್ರಧಾನಿಯನ್ನು ಸೆರೆಗೆ ಕಳಿಸಿದರು. ಅವರು ಹೊರಬಂದದ್ದು ಎಂಟು ವರ್ಷಗಳ ಮೇಲೆ. ಮೂರರಲ್ಲಿ ಎರಡು ಪಾಲಿನ ಬಹುಮತವಿದ್ದ ಸರಕಾರಕ್ಕೇ ಈ ಗತಿ.

ಹಳಬರ ಷರತ್ತು ಇಲ್ಲದಿದ್ದರೂ ಅಕ್ಕಿ ಬೇಳೆಯ ಬೆಲೆ ಸರಕಾರವನ್ನು ಮುಳುಗಿಸಬಲ್ಲದೆಂಬುದಕ್ಕೆ ಅರ್ಜೆಂಟೀನಾ ಇದೆ. ಅಲ್ಲಿನ ಸೇನೆ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಸೋತು ಮುಖಭಂಗವಾಗಿ ಹೋದದ್ದರಿಂದ 1983ರಲ್ಲಿ ಆರಿಸಿ ಬಂದ ಅಧ್ಯಕ್ಷ ರೌಲ್ ಅಲ್ಫೋನ್ಸಿನ್ ಅವರಿಗೆ 1985ರಲ್ಲಿ ಹಳೆಯ ಒಂಬತ್ತು ಸೇನಾಧಿಪತಿಗಳನ್ನು ನಾಗರಿಕ ನ್ಯಾಯಾಲಯದ ಕಟಕಟೆಗೆ ತರಲು ಸಾಧ್ಯವಾಯಿತು. 1987ರ ಈಸ್ಟರ್ ವಾರದಲ್ಲಿ ಸೈನಿಕರು ದಂಗೆ ಎದ್ದಾಗ ಲಕ್ಷಾಂತರ ಜನ ಬೀದಿಗಿಳಿದು ಸರಕಾರದ ಬೆನ್ನಿಗೆ ನಿಂತರು. ಆದರೂ ಕೆಳದರ್ಜೆಯ ಅಧಿಕಾರಿಗಳನ್ನು ಶಿಕ್ಷೆಯಿಂದ ಪಾರುಮಾಡುವ ಕಾನೂನನ್ನು ಅವರು ತರಬೇಕಾಯಿತು. ಅಷ್ಟೆಲ್ಲ ತಡೆದುಕೊಂಡ ಸರಕಾರವನ್ನು ಕೊನೆಗೆ ಕೆಡವಿದ್ದು, ಸೇನೆ ಬಿಟ್ಟುಹೋದ ವಿದೇಶಿ ಸಾಲ ಮತ್ತು ದಿನಕ್ಕೊಂದು ಬೆಲೆಯ ಹಣದುಬ್ಬರ. 1989ರ ಜುಲೈನಲ್ಲಿ ಅವಧಿಗೆ ಐದು ತಿಂಗಳು ಇರುವಾಗಲೇ ಅವರು ಅಧಿಕಾರ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟದ್ದು ಜನರಲ್‌ಗಳಿಗಲ್ಲ, ಚುನಾವಣೆಯಲ್ಲಿ ಗೆದ್ದ ಎದುರು ಪಕ್ಷದವರಿಗೆ.

ಇಲ್ಲಿಯೇ ಆ ಓದುಗರು ಎರಡು ಬೇರೆ ಸಂಗತಿಗಳನ್ನು ಒಂದೆಂದು ತಿಳಿದಿದ್ದಾರೆ. ಸರಕಾರ ಬೀಳುವುದು ಬೇರೆ, ವ್ಯವಸ್ಥೆ ಬೀಳುವುದು ಬೇರೆ. ನಮ್ಮ ಪಕ್ಕದ ಗೋವಾವನ್ನು 1961ರವರೆಗೂ ಬಿಡಲೊಪ್ಪದಿದ್ದ ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ 25ರಂದು ಸೇನೆಯ ಕಿರಿಯ ಅಧಿಕಾರಿಗಳೇ ಸರ್ವಾಧಿಕಾರವನ್ನು ಕಿತ್ತೊಗೆದರು. ಗೋವಾ ಭಾರತದ್ದೆಂದು ಲಿಸ್ಬನ್ ಒಪ್ಪಿಕೊಂಡದ್ದೂ ಆ ವರ್ಷದ ಕೊನೆಯಲ್ಲೇ. 1976ರಿಂದ 1987ರವರೆಗೆ ಅಲ್ಲಿ ಹತ್ತು ಸರಕಾರಗಳು ಬಂದುಹೋದವು, ಒಂದೂ ಪೂರ್ಣಾವಧಿ ಕಾಣಲಿಲ್ಲ. ಆದರೆ ಸೇನಾಧಿಕಾರಿಗಳ ಕ್ರಾಂತಿ ಪರಿಷತ್ತಿಗೆ ಎಲ್ಲಿಯವರೆಗೆ, ಏನೇನು ಅಧಿಕಾರವೆಂಬುದನ್ನು ಪಕ್ಷಗಳು ಬರಹದಲ್ಲಿ ಒಪ್ಪಿಸಿಕೊಂಡಿದ್ದವು. 1982ರಲ್ಲಿ ಪರಸ್ಪರ ವಿರೋಧಿ ಪಕ್ಷಗಳು ಒಟ್ಟಾಗಿ ಸಂವಿಧಾನ ತಿದ್ದಿ ಆ ಪರಿಷತ್ತನ್ನೇ ತೆಗೆದುಹಾಕಿದವು. ಸ್ಪೇನ್‌ನಲ್ಲಿ 1977ರ ಚುನಾವಣೆಯಾದ ನಾಲ್ಕೇ ತಿಂಗಳಿಗೆ, ಹಣದುಬ್ಬರ ಶೇ. 25ರ ಆಸುಪಾಸಿನಲ್ಲಿದ್ದಾಗ, ಸರ್ವಾಧಿಕಾರಿ ಫ್ರಾಂಕೋನ ಹಳೆಯ ಅಧಿಕಾರಿಗಳಿಂದ ಹಿಡಿದು ಕಮ್ಯುನಿಸ್ಟರವರೆಗೆ ಎಲ್ಲರೂ ಮೊಂಕ್ಲೋವಾ ಅರಮನೆಯಲ್ಲಿ ಕೂತು ಕೂಲಿ, ತೆರಿಗೆ, ಬೆಲೆಗಳ ಬಗ್ಗೆ ಒಪ್ಪಂದಕ್ಕೆ ಬಂದರು. 1981ರ ಫೆಬ್ರವರಿ 23ರಂದು ಪಿಸ್ತೂಲು ಹಿಡಿದು ಸಂಸತ್ತಿಗೆ ನುಗ್ಗಿದ ಅಧಿಕಾರಿಗೆ ಹೊರಗೆ ಕೈಜೋಡಿಸುವ ಪಕ್ಷ ಒಂದೂ ಸಿಗಲಿಲ್ಲ. ಈಜಿಪ್ಟಿನಲ್ಲಿ ಸಿಸಿಯವರಿಗೆ ಅಂಥವರು ಸಾಲುಗಟ್ಟಿ ಸಿಕ್ಕಿದ್ದರು.

ಅನಕ್ಷರತೆಯ ಮಾತಿಗೆ ಉತ್ತರ ಬೇಕಿದ್ದರೆ ದೂರ ಹೋಗಬೇಕಾಗಿಲ್ಲ. ಓದುಬರಹದಲ್ಲಿ ಬಹಳ ಮುಂದಿದ್ದ ಜರ್ಮನಿಯ 1919ರ ಗಣರಾಜ್ಯ ಹದಿನಾಲ್ಕು ವರ್ಷಕ್ಕೆ ಮುಗಿಯಿತು. 1977ರ ಮಾರ್ಚ್‌ನಲ್ಲಿ ತುರ್ತು ಪರಿಸ್ಥಿತಿಯ ಸರಕಾರವನ್ನು ಸೋಲಿಸಿದ ಭಾರತದಲ್ಲಿ, 1971ರ ಜನಗಣತಿಯ ಪ್ರಕಾರ, ಮೂವರಲ್ಲಿ ಇಬ್ಬರಿಗೆ ಓದುಬರಹ ಬರುತ್ತಿರಲಿಲ್ಲ. ಆಗ ನಾನು ಹೋಟೆಲಿನ ಗಲ್ಲಾದ ಪಕ್ಕ ಕೂತು ಬಿಲ್ಲಿನ ಚೀಟಿ ಬರೆಯುತ್ತಿದ್ದ ಹುಡುಗ. ಊರಿನಲ್ಲಿ, ಅಂದರೆ ಕರ್ನಾಟಕದಲ್ಲಿ, 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಹೋಗಿತ್ತು. ಮುಂಬಯಿಯಲ್ಲಿ ಮೃಣಾಲ್ ಗೋರೆ, ರಾಮ್ ಜೇಠ್ಮಲಾನಿ ಗೆದ್ದಿದ್ದರು. ಹೀಗಾಗಿ ನಮ್ಮ ಅಡುಗೆಮನೆಯಲ್ಲಿ ಎರಡು ಪಂಗಡ, ರೇಡಿಯೋ ಒಂದೇ. ಮರುದಿನ ಬಸ್ಸುಗಳು ಎಂದಿನಂತೆ ಓಡಿದವು, ಬೆಳಗಿನ ಚಹಾಕ್ಕೆ ಬರುತ್ತಿದ್ದ ಹವಾಲ್ದಾರರು ಎಂದಿನ ಹೊತ್ತಿಗೇ ಬಂದು ಅದೇ ಬೆಂಚಿನಲ್ಲಿ ಕೂತರು. ದಿಲ್ಲಿಯಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿ. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಹಿಂತೆಗೆದುಕೊಂಡದ್ದಕ್ಕೂ, 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದಕ್ಕೂ ಅವರ ಹೆಸರೇ ಇದೆ. ಬೀಗದ ಕೈಗಳು ಎಣಿಸಿಟ್ಟಂತೆ ಕೈಬದಲಾದವು, ಏಕೆಂದರೆ ಸೇನೆ ಬ್ಯಾರಕ್ಕಿನಲ್ಲೇ ಇತ್ತು, ಕಡತಗಳು ಕಚೇರಿಯಲ್ಲೇ ಇದ್ದವು.

ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿಯನ್ನು ದಶಕಗಳ ಸೇನಾಡಳಿತಕ್ಕೆ ಸಮವೆನ್ನಲಾಗದೆಂಬುದು ನಿಜ. ಮೊರಾರ್ಜಿಯವರ ಆ ಜನತಾ ಪಕ್ಷದ ಸರಕಾರವೂ, ಪಕ್ಷದಲ್ಲಿದ್ದವರು ಆರೆಸ್ಸೆಸ್ಸಿನಲ್ಲೂ ಇರಬಹುದೇ ಎಂಬ ದ್ವಿಸದಸ್ಯತ್ವದ ಜಗಳದಲ್ಲಿ, ಮೂವರು ಹಿರಿಯರ ಕುರ್ಚಿಯಾಸೆಯಲ್ಲಿ 1979ರ ಜುಲೈಗೆ ಮುರಿದುಬಿತ್ತು. ಗೆದ್ದ ಅಮಲಿನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಟ್ಟಿಗೆ ವಿಸರ್ಜಿಸಲು ಹೊರಟಾಗ ಜತ್ತಿಯವರು ಸಹಿ ಹಾಕಲು ಒಂದು ದಿನ ಹಿಂದೆಮುಂದೆ ನೋಡಿದ್ದೂ ಉಂಟು. ಆದರೆ ಅದೇ ಸರಕಾರ 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿಯನ್ನು ತಂದು, "ಆಂತರಿಕ ಕ್ಷೋಭೆ" ಎಂಬ ಸಡಿಲ ನೆಪವನ್ನು ತೆಗೆದು "ಸಶಸ್ತ್ರ ದಂಗೆ" ಎಂದು ಬಿಗಿಗೊಳಿಸಿತು, ಸಂಪುಟದ ತೀರ್ಮಾನ ಬರಹದಲ್ಲಿ ಬಾರದೆ ರಾಷ್ಟ್ರಪತಿ ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲವೆಂದು ಕಟ್ಟು ಹಾಕಿತು, ಜೀವಿಸುವ ಹಕ್ಕನ್ನು ಆ ಕಾಲದಲ್ಲೂ ಅಮಾನತಿನಲ್ಲಿಡದಂತೆ ಮಾಡಿತು. ರಾಜ್ಯಸಭೆಯಲ್ಲಿ ಅವರಿಗೆ ಬಹುಮತವಿರಲಿಲ್ಲ, ಸೋತ ಕಾಂಗ್ರೆಸ್ಸಿಗರ ಮತಗಳೇ ಬೇಕಾಗಿದ್ದವು. ಅವರು ಒಪ್ಪದ ಕೆಲವು ಕಲಮುಗಳನ್ನು ಕೈಬಿಟ್ಟು, ಉಳಿದವುಗಳಿಗೆ ಒಪ್ಪಿಗೆ ಪಡೆದರು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಭಾರೀ ಬಹುಮತದಿಂದ ಮರಳಿ ಬಂದ ಮೇಲೂ ಆ ಕಟ್ಟುಗಳನ್ನು ಬಿಚ್ಚಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ
ಮುಲುಂಡ್, ಮುಂಬಯಿ